ಸರ್ವರ್ ಡೌನ್ ಆಗುವ ಮುಂಚೆ: ಲೋಡ್ ಮತ್ತು ಮೆಮೊರಿ ಕಾಯುವ ಸೂತ್ರಗಳು

"ಸರ್ವರ್ ಡೌನ್ ಅದರಿ, ನಾಳಿ ಬರ್ರಿ." ಜಿಡಗಾದಿಂದ ಬಸ್ ಹಿಡಿದು ಆಳಂದಕ್ಕೆ ಬಂದವರಿಗೆ ಕೌಂಟರಿನಲ್ಲಿ ಈ ಮಾತು ಕೇಳಿಸಿತೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಲೆಕ್ಕ. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಸರ್ವರ್ ಸಮಸ್ಯೆಯಿಂದ ರಾಜ್ಯದ ಎಷ್ಟೋ ಕೇಂದ್ರಗಳ ಮುಂದೆ ಹೆಂಗಸರು ತಾಸುಗಟ್ಟಲೆ ಕಾದರು. ಇಂಥ ಸರ್ವರ್‌ಗಳನ್ನು ನೋಡಿಕೊಳ್ಳುವ ನೌಕರಿಗೆ ನಾಳೆ ಹೋಗುವವರು ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ, ನಮ್ಮ ಆಳಂದ ತಾಲ್ಲೂಕಿನದೇ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಹುಡುಗ ಹುಡುಗಿಯರೇ. ಈ ಸೂತ್ರಗಳು ಅವರಿಗಾಗಿ.

1. ಮೊದಲು ಕೋರ್ ಎಣಿಸಿ

'ಅಪ್‌ಟೈಮ್' ಎಂದು ಕೊಟ್ಟರೆ ಸಾಲಿನ ಕೊನೆಗೆ ಮೂರು ಅಂಕಿ ಬರುತ್ತವೆ. ಅದೇ ಲೋಡ್ ಆವರೇಜ್. ಆ ಅಂಕಿಗೆ ಅರ್ಥ ಬರುವುದು 'ಎನ್‌ಪ್ರಾಕ್' ಕೊಟ್ಟು ಕೋರ್ ಎಷ್ಟಿವೆ ಎಂದು ತಿಳಿದ ಮೇಲೆ. ನಾಲ್ಕು ಕೌಂಟರ್ ಇರುವ ಕೇಂದ್ರದಲ್ಲಿ ನಾಲ್ಕು ಜನ ಇದ್ದರೆ ಯಾರೂ ಕಾಯಬೇಕಿಲ್ಲ, ಎಂಟು ಜನ ಬಂದರೆ ನಾಲ್ವರು ಸಾಲಿನಲ್ಲಿ ನಿಂತಿರುತ್ತಾರೆ. ಹಾಗೆಯೇ 4 ಕೋರಿನ ಸರ್ವರ್‌ನಲ್ಲಿ ಲೋಡ್ 8 ಎಂದರೆ ಚಿಂತೆ, 32 ಕೋರಿನದರಲ್ಲಿ 8 ಎಂದರೆ ಆರಾಮ.

2. ಮೂರನ್ನೂ ಒಟ್ಟಿಗೆ ಓದಿ

ಎಡದಿಂದ ಕ್ರಮವಾಗಿ 1, 5, 15 ನಿಮಿಷದ್ದು. 12, 6, 3 ಎಂದಿದ್ದರೆ ಒತ್ತಡ ಈಗ ಏರುತ್ತಿದೆ, ಕೂಡಲೇ ನೋಡಿ. 3, 6, 12 ಎಂದಿದ್ದರೆ ಬಂದ ಗದ್ದಲ ಇಳಿಯುತ್ತಿದೆ. ಲಿನಕ್ಸ್ ಕರ್ನಲ್ ಸುಮಾರು ಐದು ಸೆಕೆಂಡಿಗೊಮ್ಮೆ ಎಣಿಸಿ, ಹಳೆಯ ಎಣಿಕೆಯ ತೂಕವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗುತ್ತದೆ. ಹಾಗಾಗಿ ತೊಂದರೆ ಮುಗಿದ ಮೇಲೂ ಅಂಕಿ ಕೆಳಗಿಳಿಯಲು ಹೊತ್ತು ಹಿಡಿಯುತ್ತದೆ.

3. ಲೋಡ್ ಏರಿತೆಂದು ಸಿಪಿಯುವನ್ನೇ ದೂರಬೇಡಿ

ಹೊಸಬರು ಹೆಚ್ಚು ಎಡವುವುದು ಇಲ್ಲೇ. ಲಿನಕ್ಸ್ ಸಿಪಿಯುಗಾಗಿ ಕಾಯುವ ಪ್ರೊಸೆಸ್‌ಗಳ ಜೊತೆಗೆ ಡಿಸ್ಕಿಗಾಗಿ ಕಾಯುತ್ತ ನಿಂತವನ್ನೂ ಲೋಡಿನ ಲೆಕ್ಕಕ್ಕೆ ಸೇರಿಸುತ್ತದೆ. 1993ರಲ್ಲಿ ಒಂದು ಸಣ್ಣ ತಿದ್ದುಪಡಿಯಿಂದ ಬಂದ ಪದ್ಧತಿ ಇದು. ಆದ್ದರಿಂದ ಲೋಡ್ 20 ಇದ್ದೂ ಸಿಪಿಯು ಬಹುಪಾಲು ಖಾಲಿ ಕೂತಿರುವುದು ಸಾಧ್ಯ. ಅಂಥ ವೇಳೆ ಹೆಚ್ಚು ಕೋರ್ ಖರೀದಿಸಿದರೆ ದುಡ್ಡು ದಂಡ.

'ವಿಎಂಸ್ಟ್ಯಾಟ್ 1' ಕೊಡಿ. ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಸಾಲು ಯಂತ್ರ ಬೂಟ್ ಆದಾಗಿನಿಂದ ಈವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. ಎಡತುದಿಯ 'ಆರ್' ಕಾಲಮ್ಮಿನಲ್ಲಿ ಸಿಪಿಯು ಮೇಲೆ ಓಡುತ್ತಿರುವವು, ಅದಕ್ಕಾಗಿ ಕಾದಿರುವವು. ಪಕ್ಕದ 'ಬಿ'ಯಲ್ಲಿ ಡಿಸ್ಕಿನ ಉತ್ತರಕ್ಕಾಗಿ ಸಿಕ್ಕಿಬಿದ್ದವು. ಬಲಗಡೆಯ 'ಡಬ್ಲ್ಯೂಎ' ಕಾಲಮ್ ಡಿಸ್ಕಿಗಾಗಿ ಸಿಪಿಯು ಸುಮ್ಮನೆ ಕಳೆದ ಹೊತ್ತು. 'ಆರ್' ಕಡಿಮೆಯಿದ್ದು 'ಬಿ' ಮತ್ತು 'ಡಬ್ಲ್ಯೂಎ' ಏರಿದ್ದರೆ ರೋಗ ಡಿಸ್ಕಿನದು, ಇಲ್ಲವೇ ನೆಟ್‌ವರ್ಕ್ ಮೇಲೆ ಜೋಡಿಸಿದ ಸ್ಟೋರೇಜಿನದು. 'ಪಿಎಸ್' ಪಟ್ಟಿಯಲ್ಲಿ 'ಡಿ' ಸ್ಥಿತಿಯಲ್ಲಿರುವ ಪ್ರೊಸೆಸ್‌ಗಳನ್ನು ಹುಡುಕಿ. ಯಾವುದು ಯಾವುದರ ಮೇಲೆ ನಿಂತಿದೆ ಎಂಬ ಸುಳಿವು ಅಲ್ಲಿ ಸಿಗುತ್ತದೆ.

4. 'ಫ್ರೀ' ಕಾಲಮ್ ನೋಡಿ ಗಾಬರಿಯಾಗಬೇಡಿ

'ಫ್ರೀ -ಎಚ್' ಕೊಟ್ಟಾಗ 16 ಜಿಬಿ ಯಂತ್ರದಲ್ಲಿ ಫ್ರೀ ಬರೀ 300 ಎಂಬಿ ಎಂದು ಕಾಣಿಸಬಹುದು. ಕೊನೆಯ 'ಅವೈಲಬಲ್' ಕಾಲಮ್ಮಿನಲ್ಲಿ 10 ಜಿಬಿ ಇದ್ದರೆ ಎಲ್ಲವೂ ಸರಿಯಿದೆ. ಖಾಲಿ ಬಿದ್ದ ಮೆಮೊರಿಯನ್ನು ಲಿನಕ್ಸ್ ಫೈಲುಗಳ ಕ್ಯಾಶ್ ಆಗಿ ಬಳಸುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಹೊಸ ಕೆಲಸಕ್ಕೆ ನಿಜವಾಗಿ ಎಷ್ಟು ಸಿಕ್ಕೀತು ಎಂಬ ಈ ಅಂದಾಜನ್ನು ಕರ್ನಲ್ಲೇ ಕೊಡತೊಡಗಿದ್ದು 2014ರ 3.14ನೇ ಆವೃತ್ತಿಯಿಂದ.

ತಾಸಿಗೊಮ್ಮೆ ಕ್ಯಾಶ್ ಖಾಲಿ ಮಾಡುವ ಸ್ಕ್ರಿಪ್ಟ್ ಹಾಕಿ ಮೆಮೊರಿ ಉಳಿಸಿದೆವು ಎಂದುಕೊಳ್ಳುವವರಿದ್ದಾರೆ. ದಯವಿಟ್ಟು ತೆಗೆದುಹಾಕಿ. ಅದೇ ಫೈಲನ್ನು ಮತ್ತೆ ಡಿಸ್ಕಿನಿಂದ ಓದಬೇಕಾಗುತ್ತದೆ, ಲೋಡ್ ಏರುತ್ತದೆ.

5. ಸ್ವ್ಯಾಪ್ ತುಂಬಿದೆಯೇ ಎಂದಲ್ಲ, ಓಡಾಡುತ್ತಿದೆಯೇ ಎಂದು ನೋಡಿ

ಎಂದೋ ಮೆಮೊರಿಯಿಂದ ಹೊರಗೆ ಹಾಕಿದ ಪುಟಗಳು ಡಿಸ್ಕಿನ ಸ್ವ್ಯಾಪ್ ಜಾಗದಲ್ಲಿ ಸುಮ್ಮನೆ ಬಿದ್ದಿದ್ದರೆ ತೊಂದರೆಯಿಲ್ಲ. 'ವಿಎಂಸ್ಟ್ಯಾಟ್'ನ 'ಎಸ್‌ಐ', 'ಎಸ್‌ಒ' ಎರಡರಲ್ಲೂ ಸೊನ್ನೆಯಲ್ಲದ ಅಂಕಿ ಸಾಲುಸಾಲಾಗಿ ಬರುತ್ತಿದ್ದರೆ ಮಾತ್ರ ಕೈಯಲ್ಲಿರುವ ಕೆಲಸ ಬಿಟ್ಟು ಇದನ್ನು ನೋಡಿ. ಮೆಮೊರಿ ಸಾಲದೆ ಯಂತ್ರ ಡಿಸ್ಕಿಗೆ ಹಾಕುವುದು, ತೆಗೆಯುವುದು ಮಾಡುತ್ತಿದೆ. ಪ್ರೊಸೆಸ್‌ಗಳು 'ಬಿ' ಕಾಲಮ್ಮಿಗೆ ಹೋಗಿ ನಿಲ್ಲುತ್ತವೆ, ಲೋಡ್ ಹಾರುತ್ತದೆ. ಮೂಲ ಮೆಮೊರಿಯಲ್ಲಿ, ಲಕ್ಷಣ ಲೋಡಿನಲ್ಲಿ. ಎರಡನ್ನೂ ಬೇರೆಬೇರೆ ಓದಿದವರಿಗೆ ಇದು ಸಿಕ್ಕುವುದೇ ಇಲ್ಲ.

6. ರಾತ್ರಿ ಸರ್ವಿಸ್ ಮಾಯವಾದರೆ ಕರ್ನಲ್ ಲಾಗ್ ತೆರೆಯಿರಿ

ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ಒಂದು ಪ್ರೊಸೆಸ್ಸನ್ನು ಕೊಂದು ಉಳಿದವನ್ನು ಬದುಕಿಸುತ್ತದೆ. ಹೆಚ್ಚು ಮೆಮೊರಿ ಹಿಡಿದದ್ದೇ ಸಾಮಾನ್ಯವಾಗಿ ಬಲಿ, ಅಂದರೆ ಅನೇಕ ಸಲ ಡೇಟಾಬೇಸ್. 'ಡಿಮೆಸೇಜ್'ನಲ್ಲಿ 'ಔಟ್ ಆಫ್ ಮೆಮೊರಿ' ಎಂಬ ಸಾಲು, ಕೊಂದ ಪ್ರೊಸೆಸ್ಸಿನ ಹೆಸರು ಇರುತ್ತವೆ. ಪ್ರತಿ ಪ್ರೊಸೆಸ್ಸಿಗೂ -1000ರಿಂದ 1000ದವರೆಗೆ ಒಂದು ಆದ್ಯತೆ ಕೊಡಬಹುದು. -1000 ಕೊಟ್ಟರೆ ಅದನ್ನು ಮುಟ್ಟುವುದಿಲ್ಲ. ಆದರೂ ಮೆಮೊರಿ ಸೋರುತ್ತಿರುವುದು ಎಲ್ಲಿ ಎಂದು ಹುಡುಕದೆ ಇದೊಂದನ್ನೇ ನೆಚ್ಚಿಕೊಂಡರೆ ಮುಂದಿನ ರಾತ್ರಿ ಬೇರೊಂದು ಬಲಿಯಾಗುತ್ತದೆ.

7. ಸಾಮಾನ್ಯ ದಿನದ ಅಂಕಿಗಳನ್ನು ಕೂಡಿಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. 'ಸಿಸ್‌ಸ್ಟ್ಯಾಟ್' ಹಾಕಿಕೊಳ್ಳಿ. ಅದು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದಿಡುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಅದನ್ನು ನಾವೇ ಚಾಲೂ ಮಾಡಬೇಕಾಗಬಹುದು. 'ಸಾರ್ -ಕ್ಯೂ' ಲೋಡಿನ ಇತಿಹಾಸ, 'ಸಾರ್ -ಆರ್' ಮೆಮೊರಿಯದು.

ಗದ್ದಲದ ದಿನಗಳು ಕರ್ನಾಟಕದಲ್ಲಿ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತವೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ, ವಿದ್ಯಾರ್ಥಿವೇತನದ ಕೊನೆಯ ದಿನ, ತೊಗರಿಯ ಬೆಳೆ ವಿಮೆಯ ಕೊನೆಯ ವಾರ. ಹಿಂದಿನ ವರ್ಷದ ಅದೇ ವಾರದ ಅಂಕಿ ನಿಮ್ಮ ಹತ್ತಿರವಿದ್ದರೆ ಎಷ್ಟು ಮೆಮೊರಿ ಬೇಕೆಂದು ಮೇಲಧಿಕಾರಿಗೆ ಮುಂಚೆಯೇ ಬರೆದು ಕೇಳಬಹುದು.

ಗೊತ್ತಿಲ್ಲದ ಗದ್ದಲವೂ ಬರುತ್ತದೆ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ತೆವಳತೊಡಗಿದಾಗ, ಅದು ನಕಲಿ ಖಾತೆಗಳ ಮೂಲಕ ನಡೆದ ದಾಳಿ ಎಂದು ಸರ್ಕಾರ ಹೇಳಿತು. ಎರಡು ತಾಸಿನಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದವಂತೆ. ಭಾಗಿಸಿ ನೋಡಿ, ಸೆಕೆಂಡಿಗೆ ಸುಮಾರು 86. ಒಂದು ಸಾದಾ ಪುಟ ತೋರಿಸುವ ಸರ್ವರ್‌ಗೆ ಇದು ದೊಡ್ಡ ಸಂಖ್ಯೆಯಲ್ಲ. ಆದರೆ ಕಾವೇರಿಯಲ್ಲಿ ನಡೆಯುವ ಋಣಭಾರ ಪ್ರಮಾಣಪತ್ರದ ಹುಡುಕಾಟವೆಂದರೆ ಪ್ರತಿ ಕೋರಿಕೆಗೂ ಡೇಟಾಬೇಸ್ ತಡಕಾಡಬೇಕು. ಎಷ್ಟು ಜನ ಬಂದರು ಎಂಬುದರ ಜೊತೆಗೆ ಒಬ್ಬೊಬ್ಬರ ಕೆಲಸ ಎಷ್ಟು ಭಾರ ಎಂಬುದನ್ನೂ ಅಳೆಯಬೇಕು ಎನ್ನುವುದು ಇದಕ್ಕೇ. ಸಾಮಾನ್ಯ ದಿನದ ಅಂಕಿ ಬಲ್ಲವರಿಗೆ ಅಸಹಜ ದಿನ ಬೇಗ ಕಣ್ಣಿಗೆ ಬೀಳುತ್ತದೆ.

8. ಹೊಸ ಕರ್ನಲ್ ಇದ್ದರೆ 'ಪ್ರೆಶರ್' ಫೈಲುಗಳನ್ನೂ ಓದಿ

2018ರ ಕೊನೆಗೆ ಬಂದ 4.20ನೇ ಆವೃತ್ತಿಯಿಂದ ಇವು ಇವೆ. ಸಿಪಿಯು, ಮೆಮೊರಿ, ಡಿಸ್ಕು, ಯಾವುದಕ್ಕಾಗಿ ಕಾದು ಎಷ್ಟು ಪ್ರತಿಶತ ಹೊತ್ತು ಹಾಳಾಯಿತು ಎಂದು ಬಿಡಿಬಿಡಿಯಾಗಿ ಹೇಳುತ್ತವೆ.

9. ಅಲಾರಂ ಕಡಿಮೆ ಇಡಿ, ಬಂದರೆ ಏಳಲೇಬೇಕು ಎಂಬಂತಿರಲಿ

ಒಂದು ನಿಮಿಷ ಲೋಡ್ ಹಾರಿದ್ದಕ್ಕೆಲ್ಲ ಫೋನ್ ಬಡಿದುಕೊಂಡರೆ ವಾರದಲ್ಲಿ ಯಾರೂ ಅದನ್ನು ನೋಡುವುದಿಲ್ಲ. 15 ನಿಮಿಷದ ಅಂಕಿ ಕೋರ್ ಸಂಖ್ಯೆ ದಾಟಿ ನಿಂತಾಗ, ಅವೈಲಬಲ್ ಮೆಮೊರಿ ಹತ್ತರಲ್ಲೊಂದು ಪಾಲಿಗಿಂತ ಇಳಿದು ಐದು ನಿಮಿಷ ಹಾಗೇ ಇದ್ದಾಗ ಬರಲಿ. ಆಮೇಲೆ ನಿಮ್ಮ ಸರ್ವರ್ ನೋಡಿ ಅಳತೆ ತಿದ್ದಿಕೊಳ್ಳಿ.

10. ರೀಸ್ಟಾರ್ಟ್ ಮಾಡುವ ಮೊದಲು ಒಂದು ನಿಮಿಷ

ಕೌಂಟರಿನಿಂದ ಫೋನ್ ಮೇಲೆ ಫೋನ್ ಬರುವಾಗ ಕೈ ರೀಸ್ಟಾರ್ಟ್ ಕಡೆಗೇ ಹೋಗುತ್ತದೆ. ಅದು ನೋಡಬೇಕಾದ ಸಾಕ್ಷ್ಯವನ್ನೂ ಅಳಿಸುತ್ತದೆ, ಮುಂದಿನ ಸೋಮವಾರ ಅದೇ ತೊಂದರೆ ಅದೇ ಹೊತ್ತಿಗೆ ಬರುತ್ತದೆ. 'ಅಪ್‌ಟೈಮ್', 'ಫ್ರೀ -ಎಚ್', 'ವಿಎಂಸ್ಟ್ಯಾಟ್'ನ ಹತ್ತು ಸಾಲು, ಮೆಮೊರಿ ಪ್ರಕಾರ ಜೋಡಿಸಿದ 'ಪಿಎಸ್' ಪಟ್ಟಿ, ಇಷ್ಟನ್ನೂ ದಿನಾಂಕ ಮತ್ತು ವೇಳೆ ಹಾಕಿದ ಒಂದು ಫೈಲಿಗೆ ಬರೆಯುವ ಸಣ್ಣ ಸ್ಕ್ರಿಪ್ಟನ್ನು ಇವತ್ತೇ ಸಿದ್ಧ ಮಾಡಿಡಿ. ಮೊದಲು ಅದನ್ನು ಓಡಿಸಿ, ಕೌಂಟರಿನವರಿಗೆ ಎಷ್ಟು ಹೊತ್ತಾಗುತ್ತದೆ ಎಂದು ನಿಖರವಾಗಿ ತಿಳಿಸಿ, ಆಮೇಲೆ ರೀಸ್ಟಾರ್ಟ್ ಕೊಡಿ.