ವಿಟಮಿನ್ ಡಿ ತೆಗೆದುಕೊಂಡರೆ ಹೃದಯದ ಬ್ಲಾಕ್ ಕರಗುತ್ತದೆಯೇ?

ನಿಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯ ಜೊತೆಗೆ ಬ್ಲಾಕ್ ಕೂಡ ಇದೆ, ವಿಟಮಿನ್ ಡಿ ಕಡಿಮೆ ಬಂದಿದೆ ಎಂದಿದ್ದೀರಿ. ನಿಮ್ಮ ಆತಂಕ ಅರ್ಥವಾಗುತ್ತದೆ ತಾಯಿ.

ನೀವು ಕೇಳಿದ ಸುದ್ದಿ ಪೂರ್ತಿ ಸುಳ್ಳಲ್ಲ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ರಕ್ತನಾಳದ ಗೋಡೆಯೊಳಗೆ ಸೇರಿ, ಅಲ್ಲಿ ಕೆಟ್ಟುಹೋದ ಕೊಲೆಸ್ಟ್ರಾಲನ್ನು ನುಂಗುತ್ತವೆ. ನುಂಗಿ ನುಂಗಿ ಒಳಗೆಲ್ಲ ಕೊಬ್ಬಿನ ಹನಿ ತುಂಬಿಕೊಂಡಾಗ ಸೂಕ್ಷ್ಮದರ್ಶಕದಲ್ಲಿ ಸೋಪಿನ ನೊರೆಯಂತೆ ಕಾಣುತ್ತವೆ. ಬ್ಲಾಕ್ ಬೆಳೆಯುವುದು ಹೀಗೆಯೇ. 2009ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆ ಇದ್ದವರ ಇಂಥ ಕೋಶಗಳನ್ನು ಸಕ್ರಿಯ ವಿಟಮಿನ್ ಡಿ ಇರುವ ದ್ರಾವಣದಲ್ಲಿ ಬೆಳೆಸಿದರು. ಅವು ಕೊಲೆಸ್ಟ್ರಾಲ್ ನುಂಗುವುದು ತಗ್ಗಿತು.

ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು. 25,871 ಜನರ ವೈಟಲ್ ಎಂಬ ಅಧ್ಯಯನದಲ್ಲಿ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ಕೊಟ್ಟು ವರ್ಷಗಟ್ಟಲೆ ನೋಡಿದರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ನನಗೆ ಈ ಫಲಿತಾಂಶವೇ ಹೆಚ್ಚು ತೂಕದ್ದು.

ಕೊರತೆ ಇದ್ದರೆ ಮೂಳೆಗಾಗಿ ಖಂಡಿತ ಸರಿಪಡಿಸಿ. 60,000 ಯೂನಿಟ್‌ನ ಸ್ಯಾಚೆಟ್ ಇದೆಯಲ್ಲ, ಅದನ್ನು ವಾರಕ್ಕೊಂದರಂತೆ ಎಷ್ಟು ವಾರ ಎಂದು ವೈದ್ಯರು ಬರೆದಿರುತ್ತಾರೆ, ದಿನವೂ ಕುಡಿಸಬೇಡಿ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಕಿಡ್ನಿಗೆ ತೊಂದರೆ. ವಿಟಮಿನ್ ಡಿಯನ್ನು ನಂಬಿಕೊಂಡು ಕೊಲೆಸ್ಟ್ರಾಲ್ ಮಾತ್ರೆಯನ್ನಾಗಲಿ ಆಸ್ಪಿರಿನ್ನನ್ನಾಗಲಿ ದಯವಿಟ್ಟು ನಿಲ್ಲಿಸಬೇಡಿ.