ಘಟ್ಟ ಹತ್ತೋಕೆ ಎಂಥ ವಾಚ್ ಬೇಕು?

ಸೆಮ್ ಎಕ್ಸಾಮ್ ಮುಗೀತು ಅಂದ್ರೆ ಸಾಕು, ಹಾಸ್ಟೆಲ್ ಗ್ರೂಪುಗಳಲ್ಲಿ ಕುಮಾರ ಪರ್ವತ, ಮುಳ್ಳಯ್ಯನಗಿರಿ, ತಡಿಯಂಡಮೋಳ್ ಅಂತ ಪ್ಲಾನ್ ಶುರುವಾಗುತ್ತೆ. ಅದರ ಹಿಂದೆಯೇ ಯಾರಾದ್ರೂ ಒಬ್ಬರು ಕೇಳ್ತಾರೆ: "ಮಗಾ, ಟ್ರೆಕ್ಕಿಂಗ್‌ಗೆ ಯಾವ ವಾಚ್ ತಗೊಳ್ಲಿ?" ಆನ್‌ಲೈನಲ್ಲಿ ನೋಡಿದ್ರೆ ಒಂದೊಂದು ವಾಚಿನ ಕೆಳಗೂ ಹದಿನೈದು ಇಪ್ಪತ್ತು ಫಂಕ್ಷನ್‌ಗಳ ಪಟ್ಟಿ ಇರುತ್ತೆ. ಅವೆಲ್ಲ ನಿಜವಾಗಿಯೂ ಕೆಲಸ ಮಾಡುತ್ತವೆ, ಸುಳ್ಳಲ್ಲ. ಆದರೆ ಆ ಪಟ್ಟಿ ಬರೆದವರ ಮನಸ್ಸಿನಲ್ಲಿ ಇದ್ದದ್ದು ಆಲ್ಪ್ಸ್ ಅಥವಾ ಜಪಾನಿನ ಬೆಟ್ಟ, ನಮ್ಮ ಪಶ್ಚಿಮ ಘಟ್ಟ ಅಲ್ಲ. ಅಲ್ಲಿ ಜೀವ ಉಳಿಸೋ ಫಂಕ್ಷನ್ ಇಲ್ಲಿ ದಾರಿ ತಪ್ಪಿಸಬಹುದು. ದುಡ್ಡು ಕೊಡೋಕೆ ಮುಂಚೆ ಇದನ್ನ ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಫೋನ್ ಇರುವಾಗ ವಾಚ್ ಯಾಕೆ ಅನ್ನೋರಿಗೆ ಒಂದೇ ಉತ್ತರ. ಕಾಡಿನಲ್ಲಿ ಸಿಗ್ನಲ್ ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಬೇಗ ಖಾಲಿಯಾಗುತ್ತೆ, ಮಳೆಯಲ್ಲಿ ಟಚ್ ಸ್ಕ್ರೀನ್ ಮಾತು ಕೇಳಲ್ಲ.

ಮೊದಲು ಗಟ್ಟಿತನ. ಈ ಥರದ ವಾಚುಗಳ ತಾತ ಅಂದ್ರೆ 1983ರಲ್ಲಿ ಬಂದ ಕ್ಯಾಸಿಯೋ ಜಿ-ಶಾಕ್. ಅದರ ಎಂಜಿನಿಯರ್ ಕಿಕುವೋ ಇಬೆ ಇಟ್ಟುಕೊಂಡ ಗುರಿ ಮೂರು ಹತ್ತುಗಳದ್ದು: 10 ಮೀಟರ್ ಮೇಲಿಂದ ಬಿದ್ದರೂ ಒಡೆಯಬಾರದು, 10 ಬಾರ್ ನೀರಿನ ಒತ್ತಡ ತಡೀಬೇಕು, ಬ್ಯಾಟರಿ 10 ವರ್ಷ ಬರಬೇಕು. ಪರೀಕ್ಷೆ ಮಾಡಿದ್ದು ಆಫೀಸಿನ ಮೂರನೇ ಮಹಡಿಯ ಟಾಯ್ಲೆಟ್ ಕಿಟಕಿಯಿಂದ ಕೆಳಗೆ ಬಿಸಾಕಿ! ಇನ್ನೂರಕ್ಕೂ ಹೆಚ್ಚು ಮಾದರಿಗಳು ಆದ ಮೇಲೆ ಸಿಕ್ಕ ಉತ್ತರ ಏನಂದ್ರೆ, ಒಳಗಿನ ಮಾಡ್ಯೂಲನ್ನು ಕೇಸಿಗೆ ಬಿಗಿಯಾಗಿ ಕೂರಿಸದೆ ಕೆಲವೇ ಬಿಂದುಗಳಲ್ಲಿ ತಾಗುವಂತೆ ತೇಲಿಸಿ ಬಿಡೋದು. ಮೆಕ್ಯಾನಿಕಲ್‌ನವರಿಗೆ ಇದು ಇಷ್ಟವಾಗಬೇಕು. ನೀವು ಕೊಳ್ಳುವಾಗ ನೋಡಬೇಕಾದ್ದು ಇಷ್ಟೇ: ಗಾಜು ಕೇಸಿನ ಅಂಚಿಗಿಂತ ಒಳಗೆ ಇರಬೇಕು, ಬಟನ್‌ಗಳಿಗೆ ರಕ್ಷಣೆ ಇರಬೇಕು. ಬಂಡೆಗೆ ಮೊದಲು ತಾಗೋದು ಅಂಚು, ಗಾಜಲ್ಲ.

ನೀರಿನ ವಿಷಯದಲ್ಲಿ "50 ಮೀಟರ್" ಅಂತ ಬರೆದಿದ್ರೆ 50 ಮೀಟರ್ ಆಳಕ್ಕೆ ಮುಳುಗಬಹುದು ಅಂತಲ್ಲ. ಅದು ಲ್ಯಾಬಿನಲ್ಲಿ ಕೊಟ್ಟ ಸ್ಥಿರ ಒತ್ತಡದ ಲೆಕ್ಕ. ಮಲೆನಾಡಿನ ಮಳೆ, ಹಳ್ಳ ದಾಟೋದು, ಜಲಪಾತದ ಕೆಳಗೆ ನಿಲ್ಲೋದು, ಇದೆಲ್ಲಕ್ಕೂ 100 ಮೀಟರ್ ಅಂತ ಇರೋದು ತಗೊಂಡ್ರೆ ನಿಶ್ಚಿಂತೆ. ನೀರಿನೊಳಗೆ ಬಟನ್ ಒತ್ತಬೇಡಿ. ಸ್ಟ್ರಾಪ್ ಆಗಾಗ ಬಿಚ್ಚಿ ನೋಡಿ, ಇಂಬಳಗಳಿಗೂ ಆ ಜಾಗ ಇಷ್ಟ.

ಈಗ ಮುಖ್ಯ ವಿಷಯ, ಆಲ್ಟಿಮೀಟರ್. ದುಬಾರಿ ವಾಚಿಗೆ ನೀವು ಕೊಡೋ ಹೆಚ್ಚಿನ ದುಡ್ಡು ಹೋಗೋದು ಇಲ್ಲಿಗೇ. ಆದರೆ ವಾಚಿಗೆ ಎತ್ತರ ಗೊತ್ತಾಗಲ್ಲ, ಗೊತ್ತಾಗೋದು ಗಾಳಿಯ ಒತ್ತಡ ಮಾತ್ರ. ಸಮುದ್ರ ಮಟ್ಟದಲ್ಲಿ ಸರಾಸರಿ 1013 ಹೆಕ್ಟೋಪಾಸ್ಕಲ್ ಒತ್ತಡ. ಅಲ್ಲಿ ಸುಮಾರು 8.3 ಮೀಟರ್ ಹತ್ತಿದರೆ 1 ಹೆಕ್ಟೋಪಾಸ್ಕಲ್ ಇಳಿಯುತ್ತೆ. ಕುಮಾರ ಪರ್ವತದ 1712 ಮೀಟರ್ ಎತ್ತರದಲ್ಲಿ ಅಷ್ಟೇ ಇಳಿಯೋಕೆ ಸುಮಾರು 10 ಮೀಟರ್ ಹತ್ತಬೇಕು. ಈ ಕೋಷ್ಟಕ ವಾಚಿನೊಳಗೆ ಇರುತ್ತೆ. ತೊಂದರೆ ಏನಂದ್ರೆ ಆ ಕೋಷ್ಟಕ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಅಂತ ಊಹಿಸಿಕೊಂಡಿರುತ್ತೆ, ಮೇಲೆ ಹೋದಂತೆ ಕಿಲೋಮೀಟರಿಗೆ 6.5 ಡಿಗ್ರಿ ಇಳಿಸುತ್ತೆ. ಅಂದ್ರೆ 900 ಮೀಟರ್ ಎತ್ತರದಲ್ಲಿ ಅದರ ಪ್ರಕಾರ 9 ಡಿಗ್ರಿ ಚಳಿ! ನಮ್ಮಲ್ಲಿ ಚಳಿಗಾಲದಲ್ಲೂ ಹಗಲು 20 ಇರುತ್ತೆ. ಬಿಸಿ ಗಾಳಿ ಹಿಗ್ಗಿರುತ್ತೆ, ಹಾಗಾಗಿ ಅದೇ ಒತ್ತಡ ಇಳಿಯೋಕೆ ನಾವು ಹೆಚ್ಚು ಹತ್ತಬೇಕು. 11 ಡಿಗ್ರಿ ವ್ಯತ್ಯಾಸವನ್ನು 282 ಕೆಲ್ವಿನ್‌ನಿಂದ ಭಾಗಿಸಿ: ಸುಮಾರು ಶೇ. 4. ಸುಬ್ರಹ್ಮಣ್ಯದಿಂದ ತುದಿಗೆ ಹೆಚ್ಚುಕಡಿಮೆ 1600 ಮೀಟರ್ ಏರಿಕೆ. ಅಂದ್ರೆ ಕೆಳಗೆ ಸರಿಯಾಗಿ ಸೆಟ್ ಮಾಡಿದ ವಾಚ್ ಕೂಡ ತುದಿಯಲ್ಲಿ 60 ಮೀಟರಿನಷ್ಟು ಕಮ್ಮಿ ತೋರಿಸುತ್ತೆ. ಮಂಜು ಮುಚ್ಚಿರುವಾಗ "ಇನ್ನೂ 60 ಮೀಟರ್ ಮೇಲೆ ಇದೆ" ಅಂತ ವಾಚ್ ನಂಬಿ ತುದಿ ದಾಟಿ ಆಚೆ ನಡೆಯೋದು ಬೇಡ ತಾನೇ?

ಇದಕ್ಕೆ ಪರಿಹಾರ ಸುಲಭ. ಎತ್ತರ ಗೊತ್ತಿರೋ ಜಾಗ ಸಿಕ್ಕಾಗೆಲ್ಲ ಮತ್ತೆ ಸೆಟ್ ಮಾಡಬೇಕು. ಸರ್ವೇ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಪ್ರತಿ 20 ಮೀಟರಿಗೆ ಒಂದು ಎತ್ತರದ ಗೆರೆ ಇರುತ್ತೆ, ಅದನ್ನ ನೋಡಿಕೊಳ್ಳಿ. ಫೋನಿನ ಜಿಪಿಎಸ್ ನೋಡಿ ಸೆಟ್ ಮಾಡ್ತೀನಿ ಅನ್ನೋರು ಸ್ವಲ್ಪ ಹುಷಾರು. ಕೆಲವು ಆ್ಯಪ್‌ಗಳು ತೋರಿಸೋದು ಗಣಿತದ ದೀರ್ಘಗೋಳದಿಂದ ಅಳೆದ ಎತ್ತರ, ಸಮುದ್ರ ಮಟ್ಟದಿಂದ ಅಲ್ಲ. ದಕ್ಷಿಣ ಭಾರತದಲ್ಲಿ ಇವೆರಡರ ನಡುವೆ ಬಹಳ ಅಂತರ ಇದೆ, ಯಾಕಂದ್ರೆ ಭೂಮಿಯ ಗುರುತ್ವದ ಅತಿ ದೊಡ್ಡ ತಗ್ಗು ನಮ್ಮ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲೇ ಇರೋದು. ದಕ್ಷಿಣ ಕರ್ನಾಟಕದಲ್ಲಿ ಅಂಥ ಆ್ಯಪ್ 80 ಮೀಟರಿಗೂ ಹೆಚ್ಚು ಕಮ್ಮಿ ತೋರಿಸುತ್ತೆ. ಮಂಗಳೂರಿನ ಬೀಚಿನಲ್ಲಿ ನಿಂತು ನೋಡಿ, ಮೈನಸ್ ಬರುತ್ತೆ!

ಇನ್ನು ಬ್ಯಾರೋಮೀಟರ್, ಅಂದ್ರೆ ಹವಾಮಾನ ಹೇಳೋ ಫಂಕ್ಷನ್. ಒತ್ತಡ ಇಳಿದರೆ ಮಳೆ ಬರುತ್ತೆ ಅನ್ನೋದು ಯುರೋಪಿನಂಥ ಕಡೆ ಒಳ್ಳೆ ಸೂತ್ರ. ಸುಂಟೋ ಕಂಪನಿಯ ವಾಚುಗಳ ಸ್ಟಾರ್ಮ್ ಅಲಾರ್ಮ್ ಮೂರು ಗಂಟೆಯಲ್ಲಿ 4 ಹೆಕ್ಟೋಪಾಸ್ಕಲ್ ಇಳಿದರೆ ಕೂಗುತ್ತೆ. ಆದರೆ ಉಷ್ಣವಲಯದಲ್ಲಿ ಒತ್ತಡಕ್ಕೂ ಸಮುದ್ರದ ಥರ ಉಬ್ಬರವಿಳಿತ ಇದೆ. ದಿನಾ ಬೆಳಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ 3-4 ಹೆಕ್ಟೋಪಾಸ್ಕಲ್ ಇಳಿಯುತ್ತೆ, ರಾತ್ರಿ ಹತ್ತಕ್ಕೆ ಮತ್ತೆ ಏರುತ್ತೆ. ಹಾಗಾಗಿ ನಮ್ಮಲ್ಲಿ ದಿನಾ ಮಧ್ಯಾಹ್ನ ವಾಚಿನ ಗ್ರಾಫ್ ಕೆಳಗೆ ಜಾರೋದು ಮಾಮೂಲಿ, ಆಕಾಶ ಶುಭ್ರವಾಗಿದ್ರೂ ಸಹ. ಕೂತಲ್ಲೇ ಕೂತಿದ್ರೂ ಆಲ್ಟಿಮೀಟರ್ 30 ಮೀಟರ್ ಹತ್ತಿದ ಹಾಗೆ ತೋರಿಸೋದೂ ಇದರಿಂದಲೇ. ಇದು ತಮಾಷೆ ಅನ್ನಿಸಬಹುದು. ತಮಾಷೆ ಅಲ್ಲದ್ದು ಇದರ ಉಲ್ಟಾ: ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಸ್ಥಳೀಯವಾಗಿ ಬಿಸಿ ಗಾಳಿ ಮೇಲೆದ್ದು ಹುಟ್ಟೋದು. ಅದಕ್ಕೆ ಮುಂಚೆ ಒತ್ತಡ ಎದ್ದುಕಾಣುವಷ್ಟು ಇಳಿಯಲೇಬೇಕು ಅಂತೇನಿಲ್ಲ. ವಾಚ್ ಸುಮ್ಮನಿದೆ ಅಂತ ಬೋಳು ಹುಲ್ಲುಗುಡ್ಡದ ಮೇಲೆ ಸೆಲ್ಫಿ ತೆಗೀತಾ ಕೂತ್ರೆ ಸಿಡಿಲಿಗೆ ಅತಿ ಎತ್ತರದ ವಸ್ತು ನೀವೇ. ಹೂಕೋಸಿನ ಹಾಗೆ ಮೋಡ ಬೆಳೀತಿದ್ರೆ ವಾಚ್ ನೋಡಬೇಡಿ, ಇಳೀರಿ. ಬ್ಯಾರೋಮೀಟರನ್ನು ಸರಿಯಾಗಿ ಬಳಸಬೇಕು ಅಂದ್ರೆ ಒಂದೇ ಕ್ಯಾಂಪಿನಲ್ಲಿ ಇವತ್ತಿನ ಏಳು ಗಂಟೆಯನ್ನು ನಿನ್ನೆಯ ಏಳು ಗಂಟೆಗೆ ಹೋಲಿಸಿ. ಆಗ 3-4 ಇಳಿದಿದ್ರೆ ಅದಕ್ಕೆ ಅರ್ಥ ಇದೆ.

ಕಂಪಾಸ್ ನಮಗೆ ಸಲೀಸು. ಕರ್ನಾಟಕದಲ್ಲಿ ಕಾಂತ ಉತ್ತರಕ್ಕೂ ನಿಜ ಉತ್ತರಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ, ಮರೆತರೂ ನಡೆಯುತ್ತೆ. ಫೋನ್, ಪವರ್ ಬ್ಯಾಂಕ್ ದೂರ ಇಟ್ಟು ನೋಡಿ. ಕುದುರೆಮುಖದ ಕಡೆ ಮಾತ್ರ ಅನುಮಾನ ಇರಲಿ, ಅಲ್ಲಿ ಗಣಿಗಾರಿಕೆ ನಡೆದದ್ದೇ ಮ್ಯಾಗ್ನೆಟೈಟ್ ಅದಿರಿಗೆ. ಥರ್ಮಾಮೀಟರ್ ತೋರಿಸೋದು ನಿಮ್ಮ ಮೈಬಿಸಿ. ವಾಚ್ ಬಿಚ್ಚಿ ಅರ್ಧ ಗಂಟೆ ನೆರಳಲ್ಲಿಟ್ರೆ ಮಾತ್ರ ಗಾಳಿಯದ್ದು.

ದುಡ್ಡು ದಂಡ ಆಗೋ ಫಂಕ್ಷನ್ ಅಂದ್ರೆ ರೇಡಿಯೋದಿಂದ ತಾನೇ ಟೈಮ್ ಸರಿಮಾಡಿಕೊಳ್ಳೋದು. ಅದಕ್ಕೆ ಸಂಕೇತ ಕಳಿಸೋ ಕೇಂದ್ರಗಳು ಜಪಾನ್, ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿವೆ. ಯಾವುದೂ ಬೆಂಗಳೂರಿಗೆ ಮುಟ್ಟಲ್ಲ. ಸೋಲಾರ್ ಒಳ್ಳೇದು, ಒಮ್ಮೆ ತುಂಬಿದ್ರೆ ತಿಂಗಳುಗಟ್ಟಲೆ ಬರುತ್ತೆ, ಆದ್ರೆ ಮಳೆಗಾಲ ಪೂರ್ತಿ ರೇನ್‌ಕೋಟಿನ ತೋಳಿನೊಳಗೆ ಮುಚ್ಚಿಟ್ಟು ಆಮೇಲೆ ಬೈಯಬೇಡಿ.

ಹಾಗಾದ್ರೆ ಯಾವುದು? ವಾರಾಂತ್ಯಕ್ಕೆ ಗುರುತಿರೋ ದಾರಿಯಲ್ಲಿ ಹೋಗಿ ಬರೋ ನಮ್ಮಂಥ ಹೆಚ್ಚಿನವರಿಗೆ ಸೆನ್ಸರ್ ಇಲ್ಲದ ವಾಚೇ ಸಾಕು ಅಂತ ನನ್ನ ಅಭಿಪ್ರಾಯ. ಕ್ಯಾಸಿಯೋ ಎಇ-1200 ನೋಡಿ: 100 ಮೀಟರ್ ನೀರು, 10 ವರ್ಷದ ಬ್ಯಾಟರಿ, ಐದು ಅಲಾರ್ಮ್. ಬಂಡೆ ಹತ್ತೋರಾದ್ರೆ ಜಿ-ಶಾಕ್ ಡಿಡಬ್ಲ್ಯು-5600. ಎಲ್ಲರ ಕೈಯಲ್ಲಿರೋ ಎಫ್-91ಡಬ್ಲ್ಯು ಚೆಂದ, ಆದರೆ ಅದು ನೀರಿನ ಹನಿ ತಡೆಯುತ್ತೆ ಅಷ್ಟೇ. ನಕ್ಷೆ ಓದೋಕೆ ಬಂದರೆ, ಹಿಮಾಲಯದ ಪ್ಲಾನ್ ಇದ್ದರೆ ಆಗ ಆಲ್ಟಿಮೀಟರ್ ಇರೋ ಎಸ್‌ಜಿಡಬ್ಲ್ಯು-300ರಿಂದ ಶುರುಮಾಡಿ. ಐದಂಕಿ ಬೆಲೆಯ ಪ್ರೋ ಟ್ರೆಕ್ ಕೆಲಸ ಸಿಕ್ಕಿದ ಮೇಲೆ ನೋಡೋಣ.

ಯಾವುದೇ ಕೊಂಡರೂ ಹೊರಡೋ ಹಿಂದಿನ ರಾತ್ರಿ ಎರಡು ಅಲಾರ್ಮ್ ಇಡಿ. ಡಿಸೆಂಬರಿನಲ್ಲಿ ಘಟ್ಟದಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಮರಗಳ ಕೆಳಗೆ ಕತ್ತಲು ಇನ್ನೂ ಬೇಗ. ಇಳಿಯೋಕೆ ಎಷ್ಟು ಹೊತ್ತು ಬೇಕೋ ಅಷ್ಟನ್ನು ಐದೂವರೆಯಿಂದ ಕಳೆದು ಒಂದು ಅಲಾರ್ಮ್: ಅದು ಹೊಡೆದಾಗ ತುದಿ ಕಣ್ಣೆದುರು ಇದ್ರೂ ವಾಪಸ್. ಅದಕ್ಕಿಂತ ಅರ್ಧ ಗಂಟೆ ಮುಂಚೆ ಇನ್ನೊಂದು, ಗ್ರೂಪಿನಲ್ಲಿ ಹಿಂದೆ ಉಳಿದವರನ್ನು ಎಣಿಸೋಕೆ.