ಹಳೇ ಚಿಪ್ಪು, ಹೊಸ ಚಿಪ್ಪು ಮತ್ತು ಸಂಜೆಯ ಕರೆಂಟು

ತಮ್ಮಾ,

"ಕಾಕಾ, ಹಳೇ ಚಿಪ್ಪಿನಾಗ ಜೀವ ಐತಿ, ಹೊಸಾದ್ರಾಗ ಬರೇ ಲೆಕ್ಕ ಐತಿ ಅಂತಾರ, ಖರೇ ಏನು?" ಅಂತ ಕೇಳಿದೆಯಲ್ಲ, ನೀನೊಬ್ಬನೇ ಕೇಳಿದ ಪ್ರಶ್ನೆಯಲ್ಲ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಹುಡುಗರು ಎಲ್‌ಎ4440, ಟಿಡಿಎ2030 ಹಾಕಿ ಆಂಪ್ಲಿಫೈಯರ್ ಕಟ್ಟುತ್ತಾರೆ. ಅದಕ್ಕೊಂದು ಯುಎಸ್‌ಬಿ-ಬ್ಲೂಟೂತ್ ಬೋರ್ಡು ಸಿಕ್ಕಿಸುತ್ತಾರೆ. ಅದರ ಚರಚರ ಸದ್ದು ಕೇಳಿ ಬೇಸರ ಬಂದ ಮೇಲೆ ಒಳ್ಳೆಯ ಡ್ಯಾಕ್ ಹುಡುಕಲು ಹೊರಡುತ್ತಾರೆ. ಫೋನು, ಲ್ಯಾಪ್‌ಟಾಪಿನ ಅಂಕಿಗಳನ್ನು ವೋಲ್ಟೇಜಾಗಿ ಬದಲಿಸುವ ಆ ಚಿಪ್ಪಿನ ವಿಷಯದಲ್ಲಿ ಕಿವಿಗಿಂತ ಬಾಯಿ ಹೆಚ್ಚು ಕೆಲಸ ಮಾಡಿದೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಚಿಪ್ಪನ್ನು ಕಲಿಯಲಿಕ್ಕೆ ಕಟ್ಟು, ಹೊಸದನ್ನು ಕೇಳಲಿಕ್ಕೆ ಕಟ್ಟು. ಎರಡಕ್ಕೂ ಮೊದಲು ನಿನ್ನ ಮನೆಯ ಕರೆಂಟು ನೋಡು.

ಹಳೇದು ಅಂದರೆ ಎಲ್ಲರ ಬಾಯಲ್ಲೂ ಬರುವುದು ಫಿಲಿಪ್ಸಿನ ಟಿಡಿಎ1541ಎ. 1982ರಲ್ಲಿ ಬಂದ ಫಿಲಿಪ್ಸಿನ ಮೊದಲ ಸಿಡಿ ಪ್ಲೇಯರಿನಲ್ಲಿ ಇದ್ದದ್ದು 14 ಬಿಟ್ಟಿನ ಟಿಡಿಎ1540. ಅದರ ನಂತರದ 16 ಬಿಟ್ಟಿನ ಸಂತಾನ ಇದು. 28 ಕಾಲಿನ ದೊಡ್ಡ ಚಿಪ್ಪು. ಕಾಲುಗಳ ನಡುವೆ 2.54 ಮಿಲಿಮೀಟರ್ ಅಂತರ, ಸಾಲ್ಡರಿಂಗ್ ಈಗಷ್ಟೇ ಕಲಿತವನಿಗೂ ಕೈಗೆ ಹತ್ತುತ್ತದೆ. ಒಳಗಿನ ಕೆಲಸ ಕಿರಾಣಿ ಅಂಗಡಿಯ ತಕ್ಕಡಿಯಂತೆ: ಅರ್ಧ, ಕಾಲು, ಅರಪಾವು ಅಂತ ಒಂದಕ್ಕಿಂತ ಒಂದು ಅರ್ಧ ಇರುವ 16 ತೂಕದ ಕಲ್ಲುಗಳು. ಬೇಕಾದ ಕಲ್ಲುಗಳನ್ನು ಕೂಡಿಸಿ ಇಟ್ಟರೆ 65,536 ಬೇರೆ ಬೇರೆ ತೂಕ ಬರುತ್ತವೆ. ಆದರೆ ದೊಡ್ಡ ಕಲ್ಲು ಶೇಕಡಾ 0.0015ರಷ್ಟು ತಪ್ಪಿದರೂ ಎಲ್ಲಕ್ಕಿಂತ ಸಣ್ಣ ಕಲ್ಲಿನ ಅರ್ಧ ಭಾರ ಅಲ್ಲೇ ಮುಳುಗಿಹೋಯಿತು. ಅಷ್ಟು ಕರಾರುವಾಕ್ಕಾಗಿ ಸಿಲಿಕಾನ್ ಕೊರೆಯುವುದು ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಫಿಲಿಪ್ಸಿನವರು ಕಲ್ಲುಗಳನ್ನು ಸರಸರ ಅದಲುಬದಲು ಮಾಡಿ, ಒಂದರ ತಪ್ಪು ಇನ್ನೊಂದರಲ್ಲಿ ಸರಿದೂಗುವಂತೆ ಮಾಡಿದರು. ಚಿಪ್ಪಿನ ಎರಡೂ ಬದಿಗೆ ಏಳೇಳರಂತೆ ನಿಲ್ಲುವ 14 ಕೆಪ್ಯಾಸಿಟರುಗಳು ಆ ಅದಲುಬದಲಿನ ಅಲೆಯನ್ನು ಸಪಾಟು ಮಾಡುತ್ತವೆ. ಅವನ್ನು ಚಿಪ್ಪಿನ ಕಾಲಿಗೆ ಆದಷ್ಟು ಹತ್ತಿರ ಕೂರಿಸಬೇಕು. ಇದನ್ನು ಕೈಯಾರೆ ಕಟ್ಟಿದವನಿಗೆ ಡ್ಯಾಕ್ ಅಂದರೇನು ಅಂತ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗೆ ಬರುವುದು ವೋಲ್ಟೇಜಲ್ಲ, ನಾಲ್ಕು ಮಿಲಿಆಂಪ್ ಕರೆಂಟು. ಅದನ್ನು ವೋಲ್ಟೇಜು ಮಾಡುವ ಸರ್ಕ್ಯೂಟನ್ನೂ ನೀನೇ ಕಟ್ಟಬೇಕು.

ಹೊಸ ಚಿಪ್ಪುಗಳಲ್ಲಿ ಹೆಚ್ಚಿನವು ಕಲ್ಲುಗಳ ಗೊಡವೆಗೇ ಹೋಗುವುದಿಲ್ಲ. ಕೆಲವೇ ಮಟ್ಟಗಳ ನಡುವೆ ಸೆಕೆಂಡಿಗೆ ಲಕ್ಷಾಂತರ ಸಲ ಹೊಯ್ದಾಡಿ, ಸರಾಸರಿಯಲ್ಲಿ ಬೇಕಾದ ವೋಲ್ಟೇಜು ತರುತ್ತವೆ. ಆ ಹೊಯ್ದಾಟದ ಗದ್ದಲವನ್ನು ಕಿವಿಗೆ ಕೇಳದಷ್ಟು ಮೇಲಕ್ಕೆ ನೂಕಿ ಅಲ್ಲಿ ಸೋಸಿಬಿಡುತ್ತವೆ. ಕೆಲವು ನೂರು ರೂಪಾಯಿಗೆ ಬೋರ್ಡಿನ ಸಮೇತ ಸಿಗುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಪಿಸಿಎಂ5102ಎ ನೋಡು. ಗದ್ದಲಕ್ಕಿಂತ 112 ಡೆಸಿಬಲ್ ಮೇಲೆ ಹಾಡು ನಿಲ್ಲುತ್ತದೆ. 16 ಬಿಟ್ಟಿನ ಸಿಡಿಯ ಲೆಕ್ಕದ ಮಿತಿಯೇ 98. ಕಾಲುಗಳ ಅಂತರ ಮಾತ್ರ 0.65 ಮಿಲಿಮೀಟರು, ಬಿಡಿ ಚಿಪ್ಪು ತಂದು ನಿನ್ನ 25 ವ್ಯಾಟಿನ ಸಾಲ್ಡರಿಂಗ್ ಐರನ್ನಿನಿಂದ ಹಾಕಲು ಹೋಗಬೇಡ.

ಈಗ ಕರೆಂಟಿನ ಮಾತು. ಟಿಡಿಎ1541ಎಗೆ ಮೂರು ವೋಲ್ಟೇಜು ಬೇಕು: ಪ್ಲಸ್ 5, ಮೈನಸ್ 5, ಮೈನಸ್ 15. ಎಲ್ಲರೂ ಮಾಡುವಂತೆ 15-0-15 ಟ್ರಾನ್ಸ್‌ಫಾರ್ಮರ್, ಬ್ರಿಡ್ಜು, 7915 ರೆಗ್ಯುಲೇಟರ್ ಹಾಕುತ್ತೀ ಅಂತಿಟ್ಟುಕೋ. ಲೈನಿನಲ್ಲಿ 230 ಇದ್ದಾಗ 7915ರ ಮುಂದೆ ಸುಮಾರು 20 ವೋಲ್ಟ್ ಇರುತ್ತದೆ, ಚಿಂತೆಯಿಲ್ಲ. ತೋಟದ ವಸತಿಯಲ್ಲಿ ಪಂಪ್‌ಸೆಟ್ಟುಗಳು ಒಮ್ಮೆಗೇ ಶುರುವಾಗಿ ಲೈನು 170ಕ್ಕೆ ಕುಸಿದಾಗ ಅಲ್ಲಿ ಉಳಿಯುವುದು 14ರ ಆಸುಪಾಸು. 15 ಕೊಡಬೇಕಾದ 7915ಕ್ಕೆ ಕನಿಷ್ಠ 17 ಬೇಕು. ಅದು ಕೈಚೆಲ್ಲುತ್ತದೆ, ಹಾಡಿನ ತುಂಬ ಗುಂಯ್ ಅನ್ನುವ ಹಮ್ಮಿಂಗ್. ಬೆಳಗ್ಗೆ ಸಿಹಿಯಾಗಿದ್ದ ಚಿಪ್ಪು ಸಂಜೆ ಕೆಟ್ಟಿತೇಕೆ ಅಂತ ತಲೆ ಕೆಡಿಸಿಕೊಳ್ಳುವವರು ಮೀಟರಿನ ಕಡ್ಡಿಯನ್ನು ರೆಗ್ಯುಲೇಟರಿನ ಇನ್‌ಪುಟ್ಟಿಗೆ ಹಿಡಿಯುವುದೇ ಇಲ್ಲ. ಹೊಸ ಬೋರ್ಡು 5 ವೋಲ್ಟಿನಲ್ಲಿ ನಡೆಯುತ್ತದೆ. ಮೊಬೈಲ್ ಚಾರ್ಜರು 100ರಿಂದ 240ರವರೆಗೆ ಹೇಗೂ ತಾಳುತ್ತದೆ. ಕರೆಂಟು ಹೋದರೆ ಪವರ್ ಬ್ಯಾಂಕ್ ಚುಚ್ಚು. ನಮ್ಮ ಊರುಗಳಿಗೆ ಹೊಸ ಚಿಪ್ಪು ಹೊಂದುತ್ತದೆ ಅನ್ನುವುದಕ್ಕೆ ನನಗೆ ಈ ಒಂದೇ ಕಾರಣ ಸಾಕು.

ಇನ್ನೊಂದು ಗುಂಯ್ ಇದೆ, ಅದು ಅರ್ಥಿಂಗಿನದು. ಎರಡು ಪಿನ್ನಿನ ಚಾರ್ಜರ್ ಹಾಕಿದ ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಜುಮ್ ಅನ್ನುತ್ತದಲ್ಲ, ಆ ಸೋರಿಕೆಯೇ ಯುಎಸ್‌ಬಿ ವೈರಿನಲ್ಲಿ ಡ್ಯಾಕಿಗೂ ಆಂಪ್ಲಿಫೈಯರಿಗೂ ಹರಿದು ಬರುತ್ತದೆ. ಚಾರ್ಜರ್ ಕಿತ್ತು ನೋಡು. ಸದ್ದು ನಿಂತರೆ ಚಿಪ್ಪಿನ ತಪ್ಪಲ್ಲ. ಮನೆಯ ಅರ್ಥಿಂಗ್ ಇದ್ದರೂ ನಂಬಬೇಡ. ಎರೆಮಣ್ಣು ಬಿರುಕು ಬಿಡುವ ಏಪ್ರಿಲ್-ಮೇ ತಿಂಗಳಲ್ಲಿ ಗುಂಡಿ ಒಣಗಿ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಇದ್ದಿಲು-ಉಪ್ಪಿನ ಆ ಗುಂಡಿಗೆ ನಡುನಡುವೆ ಎರಡು ಕೊಡ ನೀರು ಹಾಕಿಸು. ಸಾಧ್ಯವಿದ್ದರೆ ಆಪ್ಟಿಕಲ್ ವೈರು ಬಳಸು, ಅದರಲ್ಲಿ ತಾಮ್ರವೇ ಇಲ್ಲ.

ಖರೀದಿಯಲ್ಲಿ ನಕಲಿ ಮಾಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಸ್‌ಟಿಕೆ ಐಸಿ ತಂದು ಹಾಕಿದ ದಿನವೇ ಸುಟ್ಟದ್ದನ್ನು ನೀನೇ ಕಂಡಿದ್ದೀ. ಟಿಡಿಎ1541ಎ ತಯಾರಿಕೆ ನಿಂತು ಬಹಳ ಕಾಲವಾಯಿತು. ಕಿರೀಟದ ಗುರುತಿನ ಎಸ್1 ದರ್ಜೆ ಅಂತ ಮಾರುವುದರಲ್ಲಿ ಮೇಲ್ಮೈ ಉಜ್ಜಿ ಮತ್ತೆ ಅಚ್ಚು ಹಾಕಿದ್ದು ಬಹಳ. ಬೇಕೇ ಬೇಕಾದರೆ ಹಳೇ ಸಿಡಿ ಪ್ಲೇಯರಿನಿಂದಲೇ ಕಿತ್ತ ಚಿಪ್ಪು ಹುಡುಕು. ಅದೂ ಸೋಲಾಪುರ, ಮುಂಬೈ ಕಡೆ. ನಮ್ಮಲ್ಲಿ ಜನ ಕ್ಯಾಸೆಟ್ಟಿನಿಂದ ನೇರ ವಿಸಿಡಿಗೆ ಜಿಗಿದವರು. ಹಾಗಂತ ಹೊಸದೂ ಶಾಶ್ವತವಲ್ಲ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕಾದಲ್ಲಿ ಡ್ಯಾಕ್ ಚಿಪ್ಪು ಮಾಡುವ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದಾಗ ಜಗತ್ತಿನ ದೊಡ್ಡ ಕಂಪನಿಗಳೇ ಚಿಪ್ಪಿಲ್ಲದೆ ಹೊಸ ವಿನ್ಯಾಸ ಹುಡುಕಬೇಕಾಯಿತು.

"ಜೀವ" ಅನ್ನುತ್ತಾರಲ್ಲ, ಅದರಲ್ಲಿ ಸುಳ್ಳಿಲ್ಲ, ಆದರೆ ಅದಕ್ಕೊಂದು ಲೆಕ್ಕವಿದೆ. ಹಳೇ ಚಿಪ್ಪನ್ನು ಇಂದು ಕಟ್ಟುವವರು ಬಹಳ ಮಂದಿ ಡಿಜಿಟಲ್ ಫಿಲ್ಟರ್ ತೆಗೆದುಹಾಕಿ ಕಟ್ಟುತ್ತಾರೆ. ಹಾಗೆ ಮಾಡಿದರೆ ಸಿಡಿಯ 44.1 ಕಿಲೋಹರ್ಟ್ಸಿನಲ್ಲಿ, 10 ಕಿಲೋಹರ್ಟ್ಸಿಗೆ ಮುಕ್ಕಾಲು ಡೆಸಿಬಲ್, 20ಕ್ಕೆ ಮೂರು ಡೆಸಿಬಲ್ಲಿಗೂ ತುಸು ಹೆಚ್ಚು ಇಳಿಕೆ ತಾನಾಗಿ ಆಗುತ್ತದೆ. ತಂಬೂರಿಯ ಜವಾರಿ ತುಸು ಮೆತ್ತಗಾಗುತ್ತದೆ, ಅಗ್ಗದ ಟ್ವೀಟರಿನ ಚುಚ್ಚು ಕಡಿಮೆಯಾಗುತ್ತದೆ. ಅದು ನಿನಗೆ ಹಿಡಿಸಿದರೆ ತಪ್ಪೇನೂ ಇಲ್ಲ. ಆದರೆ ಟ್ರೆಬಲ್ ಗುಬ್ಬಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೂ ಹೆಚ್ಚುಕಡಿಮೆ ಅದೇ ಸಿಗುತ್ತದೆ, ಸಾವಿರಾರು ರೂಪಾಯಿ ಉಳಿಯುತ್ತದೆ.

ಎರಡನ್ನೂ ಹೋಲಿಸುವುದಾದರೆ ಸದ್ದಿನ ಮಟ್ಟ ಸಮ ಮಾಡು. ಪಿಸಿಎಂ5102ಎ 2.1 ವೋಲ್ಟ್ ಕೊಡುತ್ತದೆ. ಬರೀ ರೆಸಿಸ್ಟರ್ ಹಾಕಿದ ಹಳೇ ಚಿಪ್ಪು ಅದರ ಅರ್ಧವೂ ಕೊಡಲಿಕ್ಕಿಲ್ಲ. ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಯಾವಾಗಲೂ ಮೋಸ ಹೋಗುತ್ತದೆ. 400 ಹರ್ಟ್ಸಿನ ಒಂದೇ ಸ್ವರ ನುಡಿಸಿ ಎರಡನ್ನೂ ಅಳೆ. ನಿನ್ನ ಹಳದಿ ಮೀಟರು ಬೇಡ, ಅದರಲ್ಲಿ ಎಸಿಯ ಕನಿಷ್ಠ ರೇಂಜೇ 200 ವೋಲ್ಟ್. 2 ವೋಲ್ಟ್ ಎಸಿ ರೇಂಜಿನದು ಯಾರ ಹತ್ತಿರವಾದರೂ ಇಸಿದುಕೊ. ಆಮೇಲೆ ನಿನ್ನ ತಂಗಿಗೆ ಸ್ವಿಚ್ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಕೂಡು. 10ರಲ್ಲಿ 9 ಸಲ ಸರಿ ಹೇಳಿದರೆ ನಾನೂ ನಂಬುತ್ತೇನೆ. 7 ಸರಿ ಅಂತ ಹಿಗ್ಗಬೇಡ, ಬರೀ ಅಂದಾಜಿನಲ್ಲಿ ಆರು ಜನರಲ್ಲಿ ಒಬ್ಬ ಅಷ್ಟು ಹೇಳುತ್ತಾನೆ.

ಕೇಳುವುದೇನು ಅನ್ನುವುದನ್ನೂ ನೋಡು. ಮಲ್ಲಿಕಾರ್ಜುನ ಮನಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳಲ್ಲಿ, ಮೊದಲು ನಮ್ಮ ಜಿಲ್ಲೆಯಲ್ಲೇ ಇದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ತಟ್ಟೆಗಳಲ್ಲಿ, ಎಂಟು ಸಾವಿರ ಹರ್ಟ್ಸಿನ ಮೇಲೆ ಇರುವುದು ಬಹುತೇಕ ಸೂಜಿಯ ಗರಗರ. ಫೋನಿನಲ್ಲಿ ಇಳಿಸಿಕೊಂಡ 128 ಕೆಬಿಪಿಎಸ್ ಡೊಳ್ಳಿನ ಪದದಲ್ಲಿ 16 ಸಾವಿರದ ಮೇಲೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಸಿದ್ಧೇಶ್ವರ ಸ್ವಾಮಿಗಳ ಪ್ರವಚನಕ್ಕೆ ಯಾವ ಚಿಪ್ಪಾದರೂ ನಡೆದೀತು.

ಹೀಗಾಗಿ ಕಿರೀಟದ ಚಿಪ್ಪಿಗೆ ಕೂಡಿಟ್ಟ ದುಡ್ಡಿದ್ದರೆ ಒಳ್ಳೆಯ ಸ್ಪೀಕರ್ ತೊಗೊ, ಉಳಿದದ್ದರಲ್ಲಿ ಉಲ್ಟಾ ಕೆಲಸದ ಬೋರ್ಡೊಂದು ತರಿಸು, ಸದ್ದನ್ನು ಅಂಕಿ ಮಾಡುವಂಥದ್ದು. ಪಿಸಿಎಂ1802 ಆದರೂ ಆದೀತು. ಮನೆಮನೆಯ ಟ್ರಂಕಿನಲ್ಲಿ ಜಾತ್ರೆಯ ರಾತ್ರಿ ತುಂಬಿಕೊಂಡ ಗೀಗೀ ಪದ, ಭಜನೆ, ಸೋಬಾನೆ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಕೂತಿವೆ. ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ, ಬೇರೆ ಪ್ರತಿಯೂ ಇಲ್ಲ. ಕ್ಯಾಸೆಟ್ ಹಾಕುವ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸು. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತ ತಾಳದ ಸದ್ದು ಎಲ್ಲಿ ಅತಿ ಚೊಕ್ಕ ಬರುತ್ತದೋ ಅಲ್ಲಿ ನಿಲ್ಲಿಸು, ಆಮೇಲೆ ರೆಕಾರ್ಡ್ ಒತ್ತು. ಒಂದೊಂದು ಕ್ಯಾಸೆಟ್ಟು ಒಂದೊಂದು ಟೇಪ್‌ರೆಕಾರ್ಡರಿನಲ್ಲಿ ತುಂಬಿದ್ದು. ಹಾಗಾಗಿ ಪ್ರತಿ ಸಲವೂ ಸ್ಕ್ರೂ ಮತ್ತೆ ಹೊಂದಿಸಬೇಕು.